ವಕೀಲರನ್ನು ಯಾವಾಗ ಕಾಣಬೇಕು?

(ಕೂಟದ ರಾಜ್ಯೋತ್ಸವ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ರಾಜ್ಯೋತ್ಸವದಂಥ ಸಂಭ್ರಮದ ಸಂಜೆಯಲ್ಲಿ, ಮಕ್ಕಳ ಕೋಲಾಟಕ್ಕೂ ಬಿಸಿಬೇಳೆಭಾತಿಗೂ ನಡುವಣ ಅವಧಿಯಲ್ಲಿ, ಕ್ರಿಮಿನಲ್ ಕಾನೂನನ್ನು ಕುರಿತು ಮಾತನಾಡಬೇಕೆಂದು ಸಮಿತಿಯವರು ಕೇಳಿಕೊಂಡಾಗ ನಾವು ತುಸು ಹಿಂಜರಿದೆವು. ಹೋದ ಸಲದ ಅತಿಥಿಗಳು ವಚನ ಸಾಹಿತ್ಯವನ್ನು ಕುರಿತು ಮಾತನಾಡಿದರೆಂದು ಕೇಳಿದ್ದೇವೆ; ಅದರ ಬೆನ್ನಿಗೇ ಪೊಲೀಸು, ವಾರಂಟು, ಗ್ರ್ಯಾಂಡ್ ಜ್ಯೂರಿ ಎಂದು ಆರಂಭಿಸಿದರೆ ಅಪಶಕುನವೆನಿಸೀತೆಂಬ ಅಳುಕು ನಮ್ಮದು. ಕೊನೆಗೆ ಒಪ್ಪಿಕೊಂಡದ್ದು ಒಂದೇ ಕಾರಣಕ್ಕೆ. ಬೆಂಗಳೂರಿನಲ್ಲಿ ಕಾನೂನು ಓದಿ, ಅಮೆರಿಕೆಗೆ ಬಂದ ಮೇಲೆ ಮತ್ತೊಮ್ಮೆ ಮೊದಲಿನಿಂದ ಓದಿ, ಈ ನೆಲದ ನ್ಯಾಯಾಲಯಗಳಲ್ಲಿ ವಕೀಲಿ ನಡೆಸುತ್ತಿರುವ ನಮ್ಮ ಬಳಿಗೆ ನಮ್ಮ ಜನ ಬರುವುದು ಬಹುತೇಕ ತಡವಾಗಿಯೇ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮ ಕಚೇರಿಯಲ್ಲಿ ತಿಂಗಳಿಗೊಮ್ಮೆಯಾದರೂ ನೆನಪಾಗುತ್ತದೆ.

ಒಂದು ಪ್ರಸಂಗದಿಂದ ಆರಂಭಿಸುತ್ತೇವೆ. ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇವೆ. ಕನ್ನಡಿಗರೊಬ್ಬರು ಸಣ್ಣದೊಂದು ಔಷಧದ ಅಂಗಡಿ ನಡೆಸುತ್ತಿದ್ದರು. ಶನಿವಾರ ಬೆಳಗ್ಗೆ ಒಂಬತ್ತು ಗಂಟೆಗೆ ಸೂಟು ಧರಿಸಿದ ಇಬ್ಬರು ಮನೆಯ ಬಾಗಿಲಿಗೆ ಬಂದು, ಗುರುತಿನ ಚೀಟಿ ತೋರಿಸಿ, "ನಿಮ್ಮ ಹಳೆಯ ಪಾಲುದಾರರ ವಿಚಾರವಾಗಿ ಒಂದೆರಡು ಪ್ರಶ್ನೆಗಳಿವೆ, ನಿಮ್ಮ ಮೇಲೇನೂ ಇಲ್ಲ" ಎಂದರು. ಮನೆಗೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ. ಒಳಗೆ ಕರೆದರು, ಮನೆಯಾಕೆ ಫಿಲ್ಟರ್ ಕಾಫಿ ಕೊಟ್ಟರು, ಮಾತುಕತೆ ಹೆಚ್ಚು ಕಡಿಮೆ ಎರಡು ಗಂಟೆ ನಡೆಯಿತು. ಒಬ್ಬ ಅಧಿಕಾರಿ ಕೇಳುತ್ತಿದ್ದ, ಮತ್ತೊಬ್ಬ ಬರೆದುಕೊಳ್ಳುತ್ತಿದ್ದ. ನಡುವೆ ಒಂದು ಪ್ರಶ್ನೆ: "ಪಾಲುದಾರರ ಪರವಾಗಿ ನೀವು ಎಂದಾದರೂ ದಾಖಲೆಗಳಿಗೆ ಸಹಿ ಹಾಕಿದ್ದುಂಟೆ?" ನಮ್ಮವರು "ಇಲ್ಲ, ಎಂದೂ ಇಲ್ಲ" ಎಂದರು. ಅವರ ಮನಸ್ಸಿನಲ್ಲಿ ಅದು ಸತ್ಯವೇ ಆಗಿತ್ತು. ಆದರೆ ಮೂರು ವರ್ಷದ ಹಿಂದೆ, ಪಾಲುದಾರ ಊರಲ್ಲಿಲ್ಲದ ಒಂದು ವಾರ, ಹನ್ನೊಂದು ಕಾಗದಗಳಿಗೆ ಅವರು ಸಹಿ ಹಾಕಿದ್ದರು. ಆ ಕಾಗದಗಳು ಅಧಿಕಾರಿಗಳ ಕೈಚೀಲದಲ್ಲಿಯೇ ಇದ್ದವು.

ಅವರು ನಮ್ಮ ಬಳಿಗೆ ಬಂದದ್ದು ಆ ಶನಿವಾರವಾಗಿ ಏಳು ತಿಂಗಳಾದ ಮೇಲೆ, ಕೈಯಲ್ಲಿ ಆರೋಪಪಟ್ಟಿ ಹಿಡಿದುಕೊಂಡು. ಬಿಲ್ಲುಗಳ ವಂಚನೆಯ ಆರೋಪ ಕೊನೆಗೆ ನಿಲ್ಲಲಿಲ್ಲ, ಏಕೆಂದರೆ ವಂಚನೆ ಮಾಡಿದವರು ಅವರಲ್ಲ. ಉಳಿದದ್ದು ಕಾಫಿ ಕುಡಿಯುತ್ತ ಆಡಿದ ಆ ಒಂದು ಮಾತು. ಅದರ ಮೇಲೆಯೇ ರಾಜಿಯಾಯಿತು. ಔಷಧ ವ್ಯಾಪಾರದ ಲೈಸೆನ್ಸು ಹೋಯಿತು.

ಇದು ಅಪರೂಪದ ದುರದೃಷ್ಟವೆಂದು ತಾವು ಭಾವಿಸಬಾರದು. ಈ ದೇಶದ ಸಂಯುಕ್ತ ದಂಡಸಂಹಿತೆಯ, ಅಂದರೆ ಫೆಡರಲ್ ಕಾನೂನಿನ 18ನೆಯ ಶೀರ್ಷಿಕೆಯ 1001ನೆಯ ಕಲಮಿನ ಪ್ರಕಾರ, ಕೇಂದ್ರ ಸರ್ಕಾರದ ಅಧಿಕಾರ ವ್ಯಾಪ್ತಿಗೆ ಸೇರಿದ ವಿಷಯದಲ್ಲಿ ಮಹತ್ವದ ಸಂಗತಿಯೊಂದನ್ನು ಕುರಿತು ತಿಳಿದೂ ಸುಳ್ಳು ಹೇಳುವುದು ಸ್ವತಂತ್ರವಾದ ಒಂದು ಅಪರಾಧ. ಸಾಮಾನ್ಯವಾಗಿ ಐದು ವರ್ಷಗಳವರೆಗೆ ಸೆರೆಮನೆ. ಪ್ರಮಾಣವಚನ ಸ್ವೀಕರಿಸಿರಬೇಕಾಗಿಲ್ಲ. ಸಹಿ ಹಾಕಿರಬೇಕಾಗಿಲ್ಲ. ನ್ಯಾಯಾಲಯದಲ್ಲಿ ನಿಂತಿರಬೇಕಾಗಿಯೂ ಇಲ್ಲ. 1993ರ ಅಕ್ಟೋಬರಿನಲ್ಲಿ ಕಾರ್ಮಿಕ ಸಂಘದ ಪದಾಧಿಕಾರಿಯಾಗಿದ್ದ ಜೇಮ್ಸ್ ಬ್ರೋಗನ್ ಎಂಬವರ ಮನೆಗೆ ಕೇಂದ್ರದ ಅಧಿಕಾರಿಗಳು ಮುನ್ಸೂಚನೆಯಿಲ್ಲದೆ ಬಂದರು. ಒಂದು ಕಂಪನಿಯಿಂದ ಹಣವನ್ನೋ ಉಡುಗೊರೆಯನ್ನೋ ಪಡೆದದ್ದುಂಟೆ ಎಂದು ಕೇಳಿದಾಗ ಬ್ರೋಗನ್ ಹೇಳಿದ್ದು ಒಂದೇ ಅಕ್ಷರ: "ನೋ". ಸುಳ್ಳು ಹೇಳುವುದು ಅಪರಾಧವೆಂದು ಅಧಿಕಾರಿಗಳು ತಿಳಿಸಿದ್ದು ಆ ಉತ್ತರ ಬಂದ ಮೇಲೆ. 1998ರಲ್ಲಿ ಇಲ್ಲಿಯ ಸರ್ವೋಚ್ಚ ನ್ಯಾಯಾಲಯ ಆ ಒಂದು ಅಕ್ಷರವೂ ಅಪರಾಧವೇ ಎಂದು ತೀರ್ಪಿತ್ತಿತು. ಬ್ರೋಗನ್ ಹಣ ಪಡೆದದ್ದು ನಿಜ, ಅವರು ನಮ್ಮ ಅಂಗಡಿಯವರಂತೆ ಮರೆತವರಲ್ಲ. ಮರೆವು ಅಪರಾಧವಲ್ಲವೆಂಬುದು ಕಾನೂನಿನ ಮಾತೇ. ಆದರೆ ಅದು ಮರೆವೋ ಮರೆಮಾಚುವಿಕೆಯೋ ಎಂಬುದನ್ನು ನಿರ್ಣಯಿಸುವವರು ತಿಂಗಳುಗಳ ಅನಂತರ ಜ್ಯೂರಿಯಲ್ಲಿ ಕುಳಿತ ಅಪರಿಚಿತರು. ಅವರ ಮುಂದಿರುವುದು ನಿಮ್ಮ ಮನಸ್ಸಲ್ಲ, ಎರಡನೆಯ ಅಧಿಕಾರಿ ಬರೆದುಕೊಂಡ ಟಿಪ್ಪಣಿ. ಮನೆಯ ಪಡಸಾಲೆಯ ಮಾತುಕತೆ ಎಷ್ಟೋ ಸಲ ಧ್ವನಿಮುದ್ರಣವಾಗಿರುವುದೇ ಇಲ್ಲ.

ಹಾಗಾದರೆ ನಮ್ಮವರೇಕೆ ಇಷ್ಟು ಸುಲಭವಾಗಿ ಮಾತನಾಡಿಬಿಡುತ್ತಾರೆ? ಇದನ್ನು ಕುರಿತು ನಾವು ಬಹಳ ಯೋಚಿಸಿದ್ದೇವೆ. ಸಂಕೋಚ ಒಂದು ಕಾರಣ, ಅಧಿಕಾರಿಗಳೆಂದರೆ ಎದ್ದು ನಿಲ್ಲುವ ಸಂಸ್ಕಾರ ಇನ್ನೊಂದು. ವಕೀಲರ ಮೆಟ್ಟಿಲು ಹತ್ತಿದವನು ತಪ್ಪು ಮಾಡಿದವನೇ ಸರಿ ಎಂಬ ಭಾವನೆಯೂ ಉಂಟು. ವ್ಯಾಜ್ಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಹಿರಿಯರು ಹೇಳಿದ್ದು ಜಮೀನಿನ ತಕರಾರುಗಳನ್ನು ಕಂಡು. ಅದನ್ನು ನಾವು ಇಲ್ಲಿಗೂ ಹೊತ್ತು ತಂದಿದ್ದೇವೆ. ಆದರೆ ಇವೆಲ್ಲಕ್ಕಿಂತ ಆಳದ ಕಾರಣವೊಂದಿದೆ, ಅದು ಕಾನೂನಿನದೇ.

ಭಾರತದಲ್ಲಿ 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಲಾಗದು ಎಂದು ಹೇಳಿತು. ಪೊಲೀಸರನ್ನು ನಂಬಲಾಗದೆಂದು ಬ್ರಿಟಿಷರೇ ಬರೆದಿಟ್ಟ ಕಲಮದು! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ 23ನೆಯ ಕಲಮಾಗಿ ಅದು ಉಳಿದುಕೊಂಡಿದೆ. ಆ ಹೇಳಿಕೆಯಿಂದ ಪತ್ತೆಯಾದ ವಸ್ತುವಿಗೆ ಸಂಬಂಧಿಸಿದಷ್ಟು ಭಾಗಕ್ಕೆ ವಿನಾಯಿತಿಯಿದೆ, ವಿಶೇಷ ಕಾಯಿದೆಗಳ ಮಾತು ಬೇರೆ. ಆದರೂ ಸಾಮಾನ್ಯ ನಿಯಮ ಇದೇ. ಠಾಣೆಯಲ್ಲಿ ಏನೇ ಹೇಳಿದರೂ ಕೋರ್ಟಿನಲ್ಲಿ ಬೇರೆ ಹೇಳಬಹುದೆಂಬ ತಿಳಿವು, ಕಾನೂನು ಓದದ ನಮ್ಮ ಅಜ್ಜಂದಿರಿಗೂ ಇತ್ತು. ಅಮೆರಿಕೆಯಲ್ಲಿ ಇಂಥ ನಿಯಮವಿಲ್ಲ. ಸ್ವಇಚ್ಛೆಯಿಂದ ಪೊಲೀಸರಿಗೆ ಹೇಳಿದ ಮಾತು ನೇರವಾಗಿ ಜ್ಯೂರಿಯ ಮುಂದೆ ಬರುತ್ತದೆ. ಅದರಲ್ಲಿಯೂ ಒಂದು ವೈಚಿತ್ರ್ಯವುಂಟು: ನಿಮ್ಮ ಮಾತನ್ನು ಸರ್ಕಾರ ನಿಮ್ಮ ವಿರುದ್ಧ ಬಳಸಬಹುದು, ಅದೇ ಮಾತನ್ನು ನೀವು ನಿಮ್ಮ ಪರವಾಗಿ ತರಲು ಹೊರಟರೆ ಕೇಳಿಹೇಳಿದ ಸಾಕ್ಷ್ಯವೆಂದು ಸಾಮಾನ್ಯವಾಗಿ ತಡೆಯುತ್ತಾರೆ. ಎರಡು ಗಂಟೆ ಮಾತನಾಡಿ ನಿಮ್ಮ ನಿರಪರಾಧಿತ್ವವನ್ನು ವಿವರಿಸಿದಿರೆನ್ನಿ, ಆ ಎರಡು ಗಂಟೆಯಲ್ಲಿ ನಿಮಗೆ ಅನುಕೂಲವಾದುದು ಗಾಳಿಗೆ ಹೋಗಬಹುದು, ಪ್ರತಿಕೂಲವಾದುದು ಕಲ್ಲಿನಲ್ಲಿ ಕೆತ್ತಿದಂತೆ ನಿಲ್ಲುತ್ತದೆ.

ದೂರದರ್ಶನದ ಧಾರಾವಾಹಿಗಳನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಮಿರಾಂಡಾ ಎಂಬ ಹೆಸರು ಗೊತ್ತು. "ನಿಮಗೆ ಮೌನವಾಗಿರುವ ಹಕ್ಕಿದೆ" ಎಂದು ಪೊಲೀಸರು ಓದಿ ಹೇಳಲೇಬೇಕು, ಹೇಳದಿದ್ದರೆ ಕೇಸು ಬಿದ್ದುಹೋಗುತ್ತದೆ ಎಂದು ಅವರು ನಂಬಿದ್ದಾರೆ. 1966ರ ಆ ತೀರ್ಪು ಹೇಳಿದ್ದು ಬಂಧನದಲ್ಲಿಟ್ಟುಕೊಂಡು ಪ್ರಶ್ನಿಸುವ ಸಂದರ್ಭಕ್ಕೆ ಮಾತ್ರ. ನಿಮ್ಮ ಮನೆಯ ಸೋಫಾದ ಮೇಲೆ ಕುಳಿತು ನಡೆಯುವ ಸಂಭಾಷಣೆಗಾಗಲಿ, "ಹತ್ತು ನಿಮಿಷ ಬಂದು ಹೋಗಿ" ಎಂದು ಫೋನಿನಲ್ಲಿ ಕರೆದಾಗ ನೀವಾಗಿಯೇ ಠಾಣೆಗೆ ಹೋಗಿ ಆಡುವ ಮಾತಿಗಾಗಲಿ ಸಾಮಾನ್ಯವಾಗಿ ಆ ಎಚ್ಚರಿಕೆ ಬೇಕಿಲ್ಲ. ಪ್ರಶ್ನಿಸುವಾಗ ಪೊಲೀಸರು ನಿಜವನ್ನೇ ಹೇಳಬೇಕೆಂಬ ನಿರ್ಬಂಧವೂ ಇಲ್ಲ. 1969ರ ಫ್ರೇಜಿಯರ್ ಪ್ರಕರಣದಲ್ಲಿ, ನಿನ್ನ ದಾಯಾದಿ ಆಗಲೇ ತಪ್ಪೊಪ್ಪಿಕೊಂಡಿದ್ದಾನೆ ಎಂದು ಪೊಲೀಸರು ಹೇಳಿದ್ದು ಸುಳ್ಳು. ಆದರೂ ಆರೋಪಿಯ ಹೇಳಿಕೆ ಸಿಂಧುವಾಯಿತು. ಅಧಿಕಾರಿ ನಿಮಗೆ ಸುಳ್ಳು ಹೇಳಬಹುದು, ನೀವು ಅಧಿಕಾರಿಗೆ ಹೇಳುವಂತಿಲ್ಲ.

ಮಾತು ಬೆಳ್ಳಿ, ಮೌನ ಬಂಗಾರ. ಸುಮ್ಮನಿದ್ದುಬಿಟ್ಟರೆ ಆಯಿತಲ್ಲ ಎಂದು ತಾವು ಕೇಳಬಹುದು. ಅಲ್ಲಿಯೂ ಒಂದು ತೊಡಕುಂಟು. 2013ರ ಸಲಿನಾಸ್ ಪ್ರಕರಣವನ್ನು ನೋಡಿ. ಟೆಕ್ಸಸ್ ರಾಜ್ಯದ ಹೂಸ್ಟನ್ನಿನಲ್ಲಿ 1992ರಲ್ಲಿ ನಡೆದ ಜೋಡಿ ಕೊಲೆಯ ವಿಚಾರವಾಗಿ ಸಲಿನಾಸ್ ಎಂಬಾತ ತಾನಾಗಿಯೇ ಠಾಣೆಗೆ ಹೋಗಿ ಬಹಳ ಪ್ರಶ್ನೆಗಳಿಗೆ ಉತ್ತರಿಸಿದ. ತೋಟಾಗಳು ನಿನ್ನ ಬಂದೂಕಿಗೆ ಹೊಂದುತ್ತವೆಯೇ ಎಂಬ ಪ್ರಶ್ನೆಗೆ ಮಾತ್ರ ಸುಮ್ಮನಾಗಿ, ನೆಲ ನೋಡುತ್ತ, ತುಟಿ ಕಚ್ಚಿಕೊಂಡ. ಆ ಮೌನವನ್ನೇ ವಿಚಾರಣೆಯಲ್ಲಿ ಅವನ ವಿರುದ್ಧ ಎತ್ತಿ ತೋರಿಸಿದರು. ಸರ್ವೋಚ್ಚ ನ್ಯಾಯಾಲಯ ಐದು ನಾಲ್ಕರ ಬಹುಮತದಿಂದ ಶಿಕ್ಷೆಯನ್ನು ಎತ್ತಿಹಿಡಿಯಿತು. ಮೌನದ ಹಕ್ಕನ್ನು ಬಾಯಿಬಿಟ್ಟು ಕೇಳಬೇಕು ಎಂಬುದು ಪ್ರಧಾನ ಅಭಿಪ್ರಾಯ. ಮೌನಂ ಸಮ್ಮತಿ ಲಕ್ಷಣಂ ಎಂಬ ನಮ್ಮ ಹಳೆಯ ಮಾತು ಅಮೆರಿಕೆಯ ನ್ಯಾಯಾಲಯದಲ್ಲಿ ಹೀಗೆ ಪ್ರತಿಧ್ವನಿಸೀತೆಂದು ನಾವು ಎಣಿಸಿರಲಿಲ್ಲ.

ಕೇಳುವ ರೀತಿಯೂ ಮುಖ್ಯ. 1994ರ ಡೇವಿಸ್ ಪ್ರಕರಣದಲ್ಲಿ ನೌಕಾಪಡೆಯ ಯೋಧನೊಬ್ಬ "ಬಹುಶಃ ನಾನು ವಕೀಲರೊಡನೆ ಮಾತನಾಡಬೇಕೇನೋ" ಎಂದ. ಅದು ಸ್ಪಷ್ಟವಾದ ಕೋರಿಕೆಯಲ್ಲ, ಪ್ರಶ್ನೆಗಳನ್ನು ನಿಲ್ಲಿಸಬೇಕಾಗಿರಲಿಲ್ಲ ಎಂದಿತು ನ್ಯಾಯಾಲಯ. ನಾವು ಕನ್ನಡಿಗರು ಇಂಗ್ಲಿಷ್ ಮಾತನಾಡುವಾಗಲೂ 'ಬಹುಶಃ', 'ತಮಗೆ ತೊಂದರೆಯಿಲ್ಲದಿದ್ದರೆ' ಎಂದು ಸೇರಿಸದೆ ವಾಕ್ಯ ಮುಗಿಸುವವರಲ್ಲ. ಆದಕಾರಣ ಒಂದು ವಾಕ್ಯವನ್ನು ಮನೆಮಂದಿಯೆಲ್ಲ ಬಾಯಿಪಾಠ ಮಾಡಬೇಕೆಂದು ನಮ್ಮ ವಿನಂತಿ: "ಐ ವಾಂಟ್ ಟು ಸ್ಪೀಕ್ ಟು ಎ ಲಾಯರ್ ಬಿಫೋರ್ ಐ ಆನ್ಸರ್ ಎನಿ ಕ್ವೆಶ್ಚನ್ಸ್." ವಿನಯದಿಂದಲೇ ಹೇಳಿ, ಅವರ ಹೆಸರು ಮತ್ತು ಫೋನ್ ನಂಬರಿನ ಚೀಟಿಯನ್ನು ಕೇಳಿ ಪಡೆಯಿರಿ, "ನಮ್ಮ ವಕೀಲರು ತಮ್ಮನ್ನು ಸಂಪರ್ಕಿಸುತ್ತಾರೆ" ಎನ್ನಿ. ಇದನ್ನು ಹೇಳುವಾಗ ನಿಮಗೆ ವಕೀಲರು ಇರಲೇಬೇಕೆಂದಿಲ್ಲ. ಅಂದೇ ಸಂಜೆಯೊಳಗೆ ಹುಡುಕಿಕೊಂಡರಾಯಿತು.

ತಪ್ಪು ತಿಳಿಯಬಾರದು. ಅಪಘಾತ ಕಂಡವರು ಸಾಕ್ಷಿ ಹೇಳಬಾರದೆಂದಾಗಲಿ, ಕಳ್ಳತನವಾದರೆ 911ಕ್ಕೆ ಫೋನು ಮಾಡಬಾರದೆಂದಾಗಲಿ, ರಸ್ತೆಯಲ್ಲಿ ಕಾರು ನಿಲ್ಲಿಸಿದ ಪೊಲೀಸರಿಗೆ ಲೈಸೆನ್ಸು ತೋರಿಸಬಾರದೆಂದಾಗಲಿ ನಾವು ಹೇಳುತ್ತಿಲ್ಲ. ನ್ಯಾಯಾಧೀಶರು ಸಹಿ ಮಾಡಿದ ಶೋಧನಾ ವಾರಂಟು ತಂದರೆ ಅಡ್ಡಿಪಡಿಸದೆ ಒಳಬಿಟ್ಟು, ಪ್ರತಿಯೊಂದನ್ನು ಕೇಳಿ ಪಡೆಯಬೇಕು. ಶೋಧನೆ ನಡೆಯುವಾಗಲೂ ಪ್ರಶ್ನೆಗಳಿಗೆ ಉತ್ತರಿಸುವ ಬಾಧ್ಯತೆಯಿಲ್ಲ, ಅಷ್ಟೆ.

ಈಗ ಈ ಉಪನ್ಯಾಸದ ಹೃದಯಕ್ಕೆ ಬರುತ್ತೇವೆ. ಬಡ ಆರೋಪಿಗೆ ಸರ್ಕಾರವೇ ವಕೀಲರನ್ನು ಒದಗಿಸಬೇಕೆಂಬ 1963ರ ಗಿಡಿಯನ್ ತೀರ್ಪಿನ ಹಿರಿಮೆಯನ್ನು ತಾವು ಕೇಳಿರಬಹುದು. ಫ್ಲಾರಿಡಾದ ಸೆರೆಮನೆಯಿಂದ ಕೈದಿಯೊಬ್ಬ ಪೆನ್ಸಿಲಿನಲ್ಲಿ ಬರೆದ ಅರ್ಜಿಯಿಂದ ಹುಟ್ಟಿದ ತೀರ್ಪದು. ಆದರೆ ಸಂವಿಧಾನದ ಆರನೆಯ ತಿದ್ದುಪಡಿಯ ಆ ಹಕ್ಕು ಜೀವ ತಳೆಯುವುದು ಆರೋಪದ ಪ್ರಕ್ರಿಯೆ ವಿಧ್ಯುಕ್ತವಾಗಿ ಆರಂಭವಾದ ಮೇಲೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ, ಅಧಿಕಾರಿಗಳು ಕಾಗದ ಕೂಡಿಹಾಕುತ್ತ, ನೆರೆಯವರನ್ನು ಪ್ರಶ್ನಿಸುತ್ತ, ನಿಮ್ಮ ಬಗೆಗೆ ಅಭಿಪ್ರಾಯ ಕಟ್ಟಿಕೊಳ್ಳುತ್ತಿರುವಾಗ, ನಿಮಗಾಗಿ ಯಾರನ್ನೂ ಯಾರೂ ನೇಮಿಸುವುದಿಲ್ಲ. ವಕೀಲರು ಅತ್ಯಂತ ಹೆಚ್ಚಿನ ಕೆಲಸ ಮಾಡಬಲ್ಲ ಕಾಲವೂ ಅದೇ. ಆರೋಪ ಹೊರಿಸಿದ ಮೇಲೆ ಸರ್ಕಾರಿ ಪ್ರಾಸಿಕ್ಯೂಟರ್ ಸಾರ್ವಜನಿಕವಾಗಿ ಒಂದು ನಿಲುವು ತಳೆದಾಯಿತು. ಅದರಿಂದ ಹಿಂದೆ ಸರಿಯುವುದು ಯಾವ ಮನುಷ್ಯನಿಗೂ ಕಷ್ಟ. ಅದಕ್ಕೆ ಮೊದಲು ಕಡತವನ್ನು ಮುಚ್ಚಿ ಪಕ್ಕಕ್ಕಿಡುವುದು ಸುಲಭ, ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ.

ಆ ಕಾಲದಲ್ಲಿ ವಕೀಲರು ಮಾಡುವುದಾದರೂ ಏನು? ಇನ್ನೊಂದು ಪ್ರಸಂಗದಿಂದ ತಿಳಿಸುತ್ತೇವೆ. ಇಲ್ಲಿಯೂ ವಿವರಗಳು ಬದಲಾಗಿವೆ. ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷ ಓದುತ್ತಿದ್ದ ಹುಡುಗ, ಗ್ರೀನ್ ಕಾರ್ಡ್ ಹೊಂದಿದ್ದವನು. ಅವನೊಡನೆ ವಾಸವಾಗಿದ್ದ ಸಹಪಾಠಿಯ ಕ್ರೆಡಿಟ್ ಕಾರ್ಡಿನಿಂದ ಯಾರೋ ಸಾಮಾನು ಖರೀದಿಸಿ, ಅವರ ಮನೆಯ ವಿಳಾಸಕ್ಕೇ ತರಿಸಿದ್ದರು. ಪೊಲೀಸರು ವಾರಂಟಿನೊಡನೆ ಬಂದು ಹುಡುಗನ ಕಂಪ್ಯೂಟರನ್ನು ಒಯ್ದರು. ಮಾರನೆಯ ದಿನ ಪತ್ತೇದಾರರ ಫೋನು: "ನಿನ್ನ ಕಡೆಯ ಕಥೆಯನ್ನು ಬಂದು ಹೇಳಿಬಿಡು, ಎಲ್ಲ ಸರಿಹೋಗುತ್ತದೆ." ತಂದೆ ನಮಗೆ ಫೋನು ಮಾಡಿ, "ಮಗ ತಪ್ಪು ಮಾಡಿಲ್ಲ. ಹೋಗಿ ನಿಜ ಹೇಳಿ ಬಾ ಎನ್ನಲೆ?" ಎಂದು ಕೇಳಿದರು. ಕೇಳಿದರಲ್ಲ, ಅದೇ ಅವರ ಪುಣ್ಯ.

ಮೊದಲ ಕೆಲಸವಾಗಿ ನಾವು ಪತ್ತೇದಾರರಿಗೆ ಫೋನು ಮಾಡಿ, ಹುಡುಗನ ಪರವಾಗಿ ನಾವಿದ್ದೇವೆ, ಇನ್ನು ಮುಂದಿನ ಮಾತೆಲ್ಲ ನಮ್ಮೊಡನೆ ಎಂದು ತಿಳಿಸಿ, ಅದನ್ನೇ ಕಾಗದದಲ್ಲಿಯೂ ಬರೆದೆವು. ಅವರ ದೃಷ್ಟಿಯಲ್ಲಿ ಹುಡುಗ ಸಾಕ್ಷಿಯೋ, ಸಂಶಯಿತನೋ, ಗುರಿಯೋ ಎಂಬುದನ್ನು ಹೀಗೆ ವಕೀಲರು ಕೇಳಿ ಅರಿಯಬಹುದು. ಫೆಡರಲ್ ತನಿಖೆಗಳಲ್ಲಂತೂ ಈ ಮೂರು ದರ್ಜೆಗಳಿಗೆ ಬೇರೆ ಬೇರೆ ಹೆಸರುಗಳೇ ಇವೆ. ಪತ್ತೇದಾರರ ಬಳಿ ಇದ್ದುದು ಅಂಗಡಿಯೊಂದರ ಕ್ಯಾಮೆರಾದಲ್ಲಿ ಕಂಡ, ಮುಖ ಸರಿಯಾಗಿ ಕಾಣದ, ನೀಲಿ ಜಾಕೀಟಿನ ಆಕೃತಿ. ಅಂಥ ಜಾಕೀಟು ಹುಡುಗನಲ್ಲಿಯೂ ಇತ್ತು. ಅವನು ಹೋಗಿ ಮಾತನಾಡಿದ್ದರೆ "ನನ್ನ ಬಳಿ ನೀಲಿ ಜಾಕೀಟು ಇದೆ, ಆ ಅಂಗಡಿಗೆ ಎಷ್ಟೋ ಸಲ ಹೋಗಿದ್ದೇನೆ" ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದ. ಎರಡೂ ನಿಜ. ಎರಡೂ ಅವನ ಕೊರಳಿಗೆ ಉರುಳು.

ನಾವು ನಮ್ಮ ಖಾಸಗಿ ತನಿಖಾಧಿಕಾರಿಯನ್ನು ಗ್ರಂಥಾಲಯಕ್ಕೆ ಕಳುಹಿಸಿದೆವು. ಆ ಹೊತ್ತಿನಲ್ಲಿ ಹುಡುಗ ಒಳಗಿದ್ದನೆಂದು ಪ್ರವೇಶದ ಕಾರ್ಡಿನ ದಾಖಲೆ ಹೇಳುತ್ತಿತ್ತು. ಬಾಗಿಲ ಕ್ಯಾಮೆರಾದ ಚಿತ್ರವೂ ಇತ್ತು, ಆದರೆ ಅದು ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುವಂಥದು. ಒಂದು ತಿಂಗಳು ತಡವಾಗಿದ್ದರೆ ಅದು ಇರುತ್ತಿರಲಿಲ್ಲ. ಪೊಲೀಸರಿಗೆ ಅದನ್ನು ಹುಡುಕುವ ಅವಸರವೇನೂ ಇರಲಿಲ್ಲ, ಅವರು ದುಷ್ಟರೆಂದಲ್ಲ, ಅವರ ಮೇಜಿನ ಮೇಲೆ ಇಂಥ ಕಡತಗಳು ಬಹಳ. ಈ ದಾಖಲೆಗಳನ್ನು ಒಂದು ಕಾಗದದೊಡನೆ ಪ್ರಾಸಿಕ್ಯೂಟರಿಗೆ ಕಳುಹಿಸಿದೆವು. ಹುಡುಗ ಒಂದು ಮಾತನ್ನೂ ಆಡಬೇಕಾಗಲಿಲ್ಲ.

ಎಲ್ಲ ಪ್ರಕರಣಗಳೂ ಹೀಗೆ ಸುಖಾಂತವಾಗುವುದಿಲ್ಲ. ತಪ್ಪು ನಡೆದೇ ಇರುವಾಗಲೂ ಮೊದಲೇ ಬಂದ ವಕೀಲರಿಂದ ಪ್ರಯೋಜನವುಂಟು: ಬೆಳಗಿನ ಆರು ಗಂಟೆಗೆ ಮಕ್ಕಳೆದುರು ಬೇಡಿ ಹಾಕಿಸಿಕೊಳ್ಳುವ ಬದಲು ನಿಗದಿಯಾದ ಹೊತ್ತಿಗೆ ತಾವೇ ಹೋಗಿ ಹಾಜರಾಗುವಂತೆ ಏರ್ಪಾಡು ಮಾಡಬಹುದು, ಘೋರಾಪರಾಧವೆಂದು ದಾಖಲಾಗುವುದನ್ನು ಲಘು ಅಪರಾಧಕ್ಕೆ ಇಳಿಸುವಂತೆ ವಾದಿಸಬಹುದು, ಮಾತನಾಡುವುದೇ ಹಿತವೆನಿಸಿದರೆ ಯಾವ ಷರತ್ತಿನ ಮೇಲೆ, ಯಾರೆದುರು ಎಂಬುದನ್ನು ಮೊದಲೇ ಬರಹದಲ್ಲಿ ಗೊತ್ತುಪಡಿಸಬಹುದು. ಫೆಡರಲ್ ಗ್ರ್ಯಾಂಡ್ ಜ್ಯೂರಿಯ ಕೋಣೆಯೊಳಗೆ ಸಾಕ್ಷಿಯ ವಕೀಲರಿಗೆ ಪ್ರವೇಶವಿಲ್ಲ. ಸಿದ್ಧತೆಯೆಲ್ಲ ಬಾಗಿಲಾಚೆಯೇ ಆಗಬೇಕು.

ವಕೀಲರು ಪಕ್ಕದಲ್ಲಿ ಕುಳಿತ ಮಾತ್ರಕ್ಕೆ ಕಾಪಾಡಿದಂತಾಗುವುದಿಲ್ಲ ಎಂಬುದಕ್ಕೂ ನಿದರ್ಶನವಿದೆ. ಗೃಹಾಲಂಕಾರದಿಂದ ಹೆಸರಾದ ಮಾರ್ಥಾ ಸ್ಟುವರ್ಟ್ 2001ರ ಡಿಸೆಂಬರಿನಲ್ಲಿ ಷೇರುಗಳನ್ನು ಮಾರಿದ್ದರ ಬಗೆಗೆ 2002ರಲ್ಲಿ ತನಿಖೆಗಾರರೊಡನೆ ಮಾತನಾಡಿದಾಗ ವಕೀಲರು ಜೊತೆಯಲ್ಲಿದ್ದರು. 2004ರಲ್ಲಿ ಆಕೆಗೆ ಐದು ತಿಂಗಳ ಸೆರೆವಾಸವಾದದ್ದು ಷೇರು ಮಾರಿದ್ದಕ್ಕಲ್ಲ, ಆ ಮಾತುಕತೆಯ ಸುಳ್ಳಿಗೆ, ತನಿಖೆಗೆ ಅಡ್ಡಿಪಡಿಸಿದ್ದಕ್ಕೆ. ವೈದ್ಯರಿಗೆ ನೋವನ್ನು ಬಚ್ಚಿಡಬಾರದಂತೆ, ವಕೀಲರಿಗೂ ಹಾಗೆಯೇ.

ವಕೀಲರಿಗೆ ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ ಎಂಬ ರಕ್ಷಣೆ ಇರುವುದು ನಿಮ್ಮಿಬ್ಬರ ನಡುವೆ ಮಾತ್ರ. ನಮ್ಮ ಕುಟುಂಬಗಳು ಬರುವಾಗ ಭಾವ, ಮಾವ, ಊರಿನಿಂದ ಬಂದ ದೊಡ್ಡಪ್ಪ, ಸಕಲರೂ ಬರುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ. ಆದರೆ ಹೊರಗಿನ ಒಬ್ಬರು ಕೋಣೆಯಲ್ಲಿದ್ದರೂ ಆ ರಕ್ಷಣೆ ಕಳಚಿಬೀಳಬಹುದು, ನಾಳೆ ದೊಡ್ಡಪ್ಪನನ್ನೇ ಸಾಕ್ಷಿಯಾಗಿ ಕರೆಸಬಹುದು. ಆದ್ದರಿಂದ ಅವರನ್ನು ಹೊರಗೆ ಕೂರಿಸುತ್ತೇವೆ, ದಯವಿಟ್ಟು ಮುನಿಸಿಕೊಳ್ಳಬಾರದು. ಸ್ನೇಹಿತರೊಡನೆ ಫೋನಿನಲ್ಲಿ ತೋಡಿಕೊಂಡದ್ದಕ್ಕೂ, ವಾಟ್ಸಾಪಿನಲ್ಲಿ ಬರೆದದ್ದಕ್ಕೂ ರಕ್ಷಣೆಯಿಲ್ಲ. ಹಾಗೆಂದು ಬರೆದದ್ದನ್ನು ಅಳಿಸಲೂ ಬಾರದು. ಫೆಡರಲ್ ತನಿಖೆಗೆ ಅಡ್ಡಿಪಡಿಸುವ ಉದ್ದೇಶದಿಂದ ದಾಖಲೆ ನಾಶಪಡಿಸಿದವರಿಗೆ 2002ರ ಕಾನೂನಿನಲ್ಲಿ ಇಪ್ಪತ್ತು ವರ್ಷಗಳವರೆಗೆ ಶಿಕ್ಷೆಯಿದೆ. ಮೂಲ ಅಪರಾಧಕ್ಕೂ ಎಷ್ಟೋ ಸಲ ಅಷ್ಟಿರುವುದಿಲ್ಲ.

ಇಲ್ಲಿರುವ ಸಾಫ್ಟ್‌ವೇರ್ ಮಿತ್ರರಿಗೆ ಇನ್ನೊಂದು ಮಾತು. ಕಂಪನಿಯೊಳಗೆ ವಿಚಾರಣೆ ನಡೆದು, ಕಂಪನಿಯ ವಕೀಲರು ನಿಮ್ಮನ್ನು ಕರೆದು ನಗುನಗುತ್ತ ಮಾತನಾಡಿಸಿದರೆ, ಅವರು ನಿಮ್ಮ ವಕೀಲರಲ್ಲ. ಆ ಮಾತುಕತೆಯ ಗೋಪ್ಯತೆ ಕಂಪನಿಗೆ ಸೇರಿದ್ದು. ಅದನ್ನು ರಕ್ಷಿಸಿದ್ದು 1981ರ ಅಪ್‌ಜಾನ್ ತೀರ್ಪು. ಕಂಪನಿ ಮನಸ್ಸು ಮಾಡಿದರೆ ನೀವು ಹೇಳಿದ್ದನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಬಹುದು. ವೀಸಾದ ಕಾಗದಗಳನ್ನು ಅದೇ ಕಂಪನಿ ನೋಡಿಕೊಳ್ಳುತ್ತಿರುವುದರಿಂದ ನಮ್ಮವರು ಇಲ್ಲಿ ಬಹಳ ಸುಲಭವಾಗಿ ಎಡವುತ್ತಾರೆ.

ವೀಸಾ ಎಂದಾಗ ನಮ್ಮಂಥವರಿಗೆ ಎಲ್ಲಕ್ಕಿಂತ ಹೆಚ್ಚಿನ ಅಪಾಯದ ಮಾತು ಬಂತು. ಅಮೆರಿಕೆಯ ಪೌರರಿಗೆ ದಂಡ ಕಟ್ಟಿ ಮರೆತುಬಿಡುವಂಥ ಪ್ರಕರಣ, ಪೌರರಲ್ಲದವರಿಗೆ ಗಡೀಪಾರಾಗಬಹುದು. ಹೊಂಡುರಾಸ್ ಮೂಲದ ಹೊಸೆ ಪಡಿಯಾ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯಂ ನಿವಾಸಿಯಾಗಿದ್ದವರು, ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದವರು. ಲಾರಿಯಲ್ಲಿ ಗಾಂಜಾ ಸಾಗಿಸಿದ ಪ್ರಕರಣದಲ್ಲಿ, ಇಷ್ಟು ಕಾಲದಿಂದ ಇಲ್ಲಿರುವ ನಿಮಗೆ ವಲಸೆಯ ಚಿಂತೆ ಬೇಡವೆಂದು ವಕೀಲರು ಹೇಳಿದ್ದನ್ನು ನಂಬಿ ತಪ್ಪೊಪ್ಪಿಕೊಂಡರು. ಆ ಅಪರಾಧಕ್ಕೆ ಗಡೀಪಾರು ಬಹುಮಟ್ಟಿಗೆ ಕಟ್ಟಿಟ್ಟದ್ದಾಗಿತ್ತು. ಗಡೀಪಾರಿನ ಅಪಾಯವನ್ನು ಕಕ್ಷಿದಾರರಿಗೆ ತಿಳಿಸುವುದು ವಕೀಲರ ಕರ್ತವ್ಯವೆಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು.

ವಲಸೆ ಕಾನೂನಿನಲ್ಲಿ 1996ರಿಂದ 'ಅಪರಾಧ ನಿರ್ಣಯ' ಎಂಬುದಕ್ಕೆ ಬೇರೆಯೇ ಅರ್ಥವಿದೆ. ಎಷ್ಟೋ ರಾಜ್ಯಗಳಲ್ಲಿ, ತಪ್ಪೊಪ್ಪಿಕೊಂಡು ಆರು ತಿಂಗಳು ಸರಿಯಾಗಿ ನಡೆದುಕೊಂಡರೆ ಕೇಸನ್ನು ವಜಾ ಮಾಡುವ ಏರ್ಪಾಡುಗಳಿವೆ. ಕೇಳಲು ಬಹಳ ಸೊಗಸು. ಆದರೆ ಒಮ್ಮೆ ತಪ್ಪೊಪ್ಪಿಕೊಂಡು, ನ್ಯಾಯಾಧೀಶರು ಏನಾದರೊಂದು ನಿರ್ಬಂಧ ವಿಧಿಸಿದ್ದರೆ, ರಾಜ್ಯ ಅದನ್ನು ಅಳಿಸಿಹಾಕಿದರೂ ವಲಸೆ ಇಲಾಖೆಯ ಲೆಕ್ಕದಲ್ಲಿ ಅದು ಉಳಿಯಬಹುದು. ತಪ್ಪೊಪ್ಪಿಕೊಳ್ಳುವ ಮೊದಲೇ ದೊರಕಿಸಿಕೊಂಡ ಏರ್ಪಾಡಿಗೂ ಒಪ್ಪಿಕೊಂಡ ಮೇಲಿನದಕ್ಕೂ ಇರುವ ಅಂತರ, ಕೆಲವು ಕುಟುಂಬಗಳಿಗೆ ಈ ದೇಶದಲ್ಲಿ ಉಳಿಯುವುದಕ್ಕೂ ಉಳಿಯದಿರುವುದಕ್ಕೂ ಇರುವ ಅಂತರ. ಗಂಡಹೆಂಡಿರ ಜಗಳದಲ್ಲಿ ಪೊಲೀಸರು ಬಂದ ಪ್ರಕರಣಗಳಲ್ಲಿಯೂ, ಅಂಗಡಿಯಲ್ಲಿ ಸಣ್ಣ ಸಾಮಾನು ಎತ್ತಿಕೊಂಡ ಪ್ರಕರಣಗಳಲ್ಲಿಯೂ ಇದನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ. ಬಂಧನವಾದರೆ ಭಾರತದ ಕಾನ್ಸುಲೇಟಿಗೆ ತಿಳಿಸಿರೆಂದು ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಿಂದ ಭಾರತೀಯ ಪೌರರಿಗಿದೆ; ಆದರೆ ಕಾನ್ಸುಲೇಟು ನಿಮ್ಮ ವಕೀಲರ ಕೆಲಸ ಮಾಡುವುದಿಲ್ಲ.

ವಕೀಲರ ಆಯ್ಕೆಯ ಬಗೆಗೆ ಚುಟುಕಾಗಿ ಹೇಳುತ್ತೇವೆ. ಮನೆ ಕೊಳ್ಳುವಾಗ ಕಾಗದ ನೋಡಿದವರು, ಗ್ರೀನ್ ಕಾರ್ಡ್ ಮಾಡಿಸಿಕೊಟ್ಟವರು ಎಷ್ಟೇ ಒಳ್ಳೆಯವರಾದರೂ ಈ ಕೆಲಸಕ್ಕೆ ಸಲ್ಲುವುದಿಲ್ಲ. ಕಣ್ಣಿನ ವೈದ್ಯರ ಬಳಿ ಹೃದಯ ತೋರಿಸಿದಂತೆ. ಆ ಜಿಲ್ಲೆಯ ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣಗಳನ್ನೇ ನಡೆಸುವವರು ಬೇಕು. ತನಿಖೆ ಫೆಡರಲ್ಲೋ ರಾಜ್ಯದ್ದೋ, ಆ ಕಡೆ ಅನುಭವವಿದೆಯೇ, ಆರೋಪಕ್ಕೆ ಮುಂಚಿನ ಹಂತದಲ್ಲಿ ಕೆಲಸ ಮಾಡಿದ್ದುಂಟೆ, ವಲಸೆ ಕಾನೂನಿನ ವಕೀಲರೊಡನೆ ಕೂಡಿ ಆಲೋಚಿಸುವರೇ ಎಂದು ಕೇಳಿ. ರಾಜ್ಯದ ಬಾರ್ ಸಂಸ್ಥೆಯಲ್ಲಿ ಅವರ ಲೈಸೆನ್ಸಿನ ಸ್ಥಿತಿಯನ್ನು ಪರಿಶೀಲಿಸಿ. ಬಿಡಿಸಿಯೇ ಬಿಡುತ್ತೇನೆಂದು ಮಾತು ಕೊಡುವವರಿಂದ ದೂರವಿರಿ. ಗೆದ್ದರೆ ಮಾತ್ರ ಫೀಸು ಎಂಬ ಒಪ್ಪಂದ ಕ್ರಿಮಿನಲ್ ಪ್ರಕರಣಗಳಲ್ಲಿ ವೃತ್ತಿನಿಯಮಕ್ಕೆ ವಿರುದ್ಧ. ಫೀಸು ಗಂಟೆಯ ಲೆಕ್ಕವೋ, ಒಟ್ಟು ಮೊತ್ತವೋ, ತನಿಖೆಯ ಹಂತಕ್ಕೆ ಮಾತ್ರವೋ ವಿಚಾರಣೆಗೂ ಸೇರಿಯೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ಖರ್ಚು ಕಡಿಮೆಯೆಂದು ನಾವು ಹೇಳುವುದಿಲ್ಲ. ಆದರೆ ಒಂದು ಸಲದ ಸಮಾಲೋಚನೆಗೆ ಕೊಡುವುದಕ್ಕೂ ವರ್ಷಗಟ್ಟಲೆ ನಡೆಯುವ ವಿಚಾರಣೆಗೆ ಕೊಡುವುದಕ್ಕೂ ಹೋಲಿಕೆಯೇ ಇಲ್ಲ.

ಆ ಹುಡುಗನ ಕಥೆ ಏನಾಯಿತೆಂದು ಸಭೆಯಲ್ಲಿ ತಾಯಿಯೊಬ್ಬರು ಎದ್ದು ಕೇಳಿದರು. ಏನೂ ಆಗಲಿಲ್ಲ. ಇಂಥ ಪ್ರಕರಣಗಳಲ್ಲಿ ನೀವು ನಿರ್ದೋಷಿಯೆಂದು ಯಾರೂ ಪ್ರಮಾಣಪತ್ರ ಕೊಡುವುದಿಲ್ಲ. ತಿಂಗಳುಗಳು ಕಳೆದವು. ಹುಡುಗನ ತಾಯಿ ಪ್ರತಿ ಬಾರಿ ಕರೆಗಂಟೆ ಬಾರಿಸಿದಾಗಲೂ ಬೆಚ್ಚುತ್ತಿದ್ದರಂತೆ. ಹದಿನಾಲ್ಕು ತಿಂಗಳಾದ ಮೇಲೆ ಠಾಣೆಯಿಂದ ಫೋನು ಬಂದು, ವಸ್ತುವೊಂದನ್ನು ಒಯ್ಯಬಹುದೆಂದು ತಿಳಿಸಿದರು. ತಂದೆ ಹೋಗಿ ಸಹಿ ಹಾಕಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟಿದ್ದ ಕಂಪ್ಯೂಟರನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಮನೆಗೆ ಬಂದರು.